ದೇಶ ಸುತ್ತಿ ಬಂದವಳನ್ನು ನಾವು ಕೇಳಿದ್ದೇನು?

"ದೇಶ ಸುತ್ತು, ಕೋಶ ಓದು" ಎಂಬ ಗಾದೆಯನ್ನು ನಮ್ಮ ಸಂಘದ ವೇದಿಕೆಯಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸ್ವಾಗತ ಭಾಷಣದಲ್ಲಿ ಒಮ್ಮೆ, ಅತಿಥಿಗಳ ಪರಿಚಯದಲ್ಲಿ ಒಮ್ಮೆ, ವಂದನಾರ್ಪಣೆಯಲ್ಲಿ ಮತ್ತೊಮ್ಮೆ ಅದು ಬಂದೇ ಬರುತ್ತದೆ. ಕಳೆದ ತಿಂಗಳ ಸಭೆಯಲ್ಲೂ ಬಂತು. ಆದರೆ ದೇಶ ಸುತ್ತಿ, ಕೋಶವನ್ನೂ ಓದಿ ಬಂದ ಒಬ್ಬಳು ಹುಡುಗಿ ಅದೇ ವೇದಿಕೆಯ ಮೇಲೆ ನಿಂತಾಗ ನಾವು ಅವಳನ್ನು ನಡೆಸಿಕೊಂಡ ರೀತಿ ಹೇಗಿತ್ತು? ಅದನ್ನು ಬರೆಯದೆ ಬಿಟ್ಟರೆ ಈ ಪತ್ರಿಕೆಗೆ ಶೋಭೆಯಲ್ಲ. ಬರೆದರೆ ಕೆಲವು ಹಿರಿಯರಿಗೆ ನೋವಾಗಬಹುದು. ಎರಡರಲ್ಲಿ ನಾವು ಎರಡನೆಯದನ್ನೇ ಆರಿಸಿಕೊಂಡಿದ್ದೇವೆ. ಬೈಗುಳ ಬರುವುದಿದ್ದರೆ ನಮ್ಮ ವಿಳಾಸಕ್ಕೇ ಬರಲಿ.

ಹುಡುಗಿ ನಮ್ಮ ಸದಸ್ಯ ಕುಟುಂಬವೊಂದರ ಮಗಳು. ಹೆಸರು ಹಾಕುವುದು ಬೇಡವೆಂದು ಅವಳೇ ಕೇಳಿಕೊಂಡಿದ್ದಾಳೆ. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ, ಈಗ ಅಮೆರಿಕದಲ್ಲಿ ಪದವಿ ಓದುತ್ತಿದ್ದಾಳೆ. ಅಲ್ಲಿನ ಕಾಲೇಜು ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಕೂರಿಸಿಕೊಂಡು ಲೋಕ ತೋರಿಸುತ್ತಾ ಪಾಠ ಹೇಳುವ ಪದ್ಧತಿ 1963ರಿಂದಲೂ ಇದೆ. ಹಡಗು ನಡುಗಡಲಲ್ಲಿ ಇರುವಷ್ಟು ದಿನ ತರಗತಿ, ಗ್ರಂಥಾಲಯ, ಪರೀಕ್ಷೆ. ಬಂದರು ಬಂದಾಗ ನಾಲ್ಕೈದು ದಿನ ಊರು ನೋಡುವುದು. ಮತ್ತೆ ಕಡಲು, ಮತ್ತೆ ಪಾಠ. ಹೀಗೆ ಮೂರು ತಿಂಗಳಿಗೂ ಮೇಲ್ಪಟ್ಟ ಪ್ರಯಾಣವನ್ನು ಈಕೆ ಮುಗಿಸಿ ಬಂದಿದ್ದಳು. ಹತ್ತಾರು ಬಂದರುಗಳ ಪೈಕಿ ಒಂದನ್ನೇ, ಅಂದರೆ ವಿಯೆಟ್ನಾಮಿನ ಹೋ ಚಿ ಮಿನ್ ನಗರವನ್ನು, ಅವಳು ಮಾತಿಗೆ ಆಯ್ದುಕೊಂಡಿದ್ದಳು. ನಮ್ಮ ಕಾಲದವರಿಗೆ ಅದು ಸೈಗಾನ್. 1976ರಲ್ಲಿ ಹೆಸರು ಬದಲಾಯಿತು.

ಅವಳಿಗೆ ಕೊಟ್ಟ ಸಮಯ ನಲವತ್ತು ನಿಮಿಷ. ಹಾರ, ಶಾಲು, ಫಲತಾಂಬೂಲ, ಛಾಯಾಚಿತ್ರ, ಹಿಂದಿನ ಸಭೆಯ ವರದಿ ಎಲ್ಲ ಮುಗಿಯುವಾಗ ಉಳಿದದ್ದು ಇಪ್ಪತ್ತು. ಆ ಇಪ್ಪತ್ತರಲ್ಲಿ ಅವಳು ಯುದ್ಧದ ವಸ್ತುಸಂಗ್ರಹಾಲಯದ ವಿಷಯಕ್ಕೆ ಬಂದಳು. ಪರದೆಯ ಮೇಲೆ ಚಿತ್ರ ಮೂಡುವುದಕ್ಕೂ ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಕೈಯೆತ್ತಿ, "ಮಗಳೇ, ಅದೆಲ್ಲ ಈಗ ಬೇಡಮ್ಮ. ಚಿಕ್ಕ ಮಕ್ಕಳು ಕೂತಿದ್ದಾರೆ. ಏನಾದರೂ ಚೆಂದದ್ದು ತೋರಿಸು" ಎನ್ನುವುದಕ್ಕೂ ಸರಿಹೋಯಿತು. ಹುಡುಗಿ ಒಂದು ಕ್ಷಣ ನಿಂತಳು. ಮುಂದಿನ ಏಳೆಂಟು ಚಿತ್ರಗಳನ್ನು ಸರಸರನೆ ದಾಟಿಸಿ ಒಂದು ದೇವಸ್ಥಾನದ ಗೋಪುರವನ್ನು ತೋರಿಸಿದಳು. ಸೈಗಾನಿನ ಬೆನ್ ಥಾನ್ ಮಾರುಕಟ್ಟೆಯ ಹತ್ತಿರದ ಮಾರಿಯಮ್ಮನ ಗುಡಿ. ಸಭೆ ಚಪ್ಪಾಳೆ ಹೊಡೆಯಿತು. ಆ ಸಂಜೆ ಅವಳಿಗೆ ನಡುವೆ ಸಿಕ್ಕ ಚಪ್ಪಾಳೆ ಅದೊಂದೇ.

ಬಳಿಕ ಪ್ರಶ್ನೋತ್ತರ. ನಾವು ಆ ಪ್ರಶ್ನೆಗಳನ್ನು ಗುರುತು ಹಾಕಿಕೊಂಡೆವು. "ಒಟ್ಟು ಎಷ್ಟು ಖರ್ಚಾಯಿತು?" "ಶಾಕಾಹಾರ ಸಿಗುತ್ತದೆಯೆ?" "ಬಟ್ಟೆ ಬರೆ ಅಗ್ಗವಂತೆ, ಹೌದೆ?" "ಅಲ್ಲಿ ನಮ್ಮವರು ಯಾರಾದರೂ ಸಿಕ್ಕರೆ?" "ಹೆಣ್ಣುಮಕ್ಕಳು ಒಬ್ಬರೇ ತಿರುಗಾಡಲು ಹೆದರಿಕೆಯಾಗಲಿಲ್ಲವೆ?" ಐದು ಪ್ರಶ್ನೆ, ಐದಕ್ಕೂ ಅವಳು ವಿನಯದಿಂದಲೇ ಉತ್ತರ ಕೊಟ್ಟಳು. ವಂದನಾರ್ಪಣೆ ಮಾಡಿದವರು "ದೇಶ ಸುತ್ತು, ಕೋಶ ಓದು" ಎಂದರು. ನಾವೆಲ್ಲ ಉಪ್ಪಿಟ್ಟು, ಕೇಸರಿಬಾತಿನ ಕಡೆಗೆ ನಡೆದೆವು.

ನಾವೂ ಆ ಸಭೆಯಲ್ಲಿ ಇದ್ದೆವು. ನಾವೂ ಬಾಯಿ ಬಿಡಲಿಲ್ಲ. ಆದ್ದರಿಂದ ಈ ಬರಹದ ಮೊದಲ ಆರೋಪಿಗಳು ನಾವೇ.

ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಕುಂದಾಪುರದ ಕಡೆಯವರು, ಹುಡುಗಿಯ ಕೈ ಹಿಡಿದು ಕೇಳಿದರು: "ಆ ಹೊಳೆಬದಿಯ ಕಾಂಡ್ಲಾ ಕಾಡು ಸತ್ತುಹೋಗಿತ್ತು ಅಂದೆಯಲ್ಲ ಮಗಾ, ಮತ್ತೆ ಬೆಳೆಯಿತಾ?" ಆರನೆಯ ಪ್ರಶ್ನೆ ಅದು, ಧ್ವನಿವರ್ಧಕ ಆರಿದ ಮೇಲೆ ಬಂದದ್ದು. ಹುಡುಗಿಯ ಮುಖ ಅರಳಿತು. ಅಲ್ಲಿಯೇ ಕುರ್ಚಿ ಎಳೆದುಕೊಂಡು ಅವಳು ಹೇಳತೊಡಗಿದಳು. ಸಭೆಗೆ ಸಿಗದ ಭಾಷಣ ನಾಲ್ಕೈದು ಮಂದಿಗೆ ಸಿಕ್ಕಿತು. ಅದರ ಸಾರವನ್ನು ಇಲ್ಲಿ ಬರೆಯುತ್ತೇವೆ. ಏಕೆಂದರೆ ನಾವು ಏನನ್ನು ಕಳೆದುಕೊಂಡೆವು ಎಂಬುದು ಮೊದಲು ತಿಳಿಯಬೇಕು.

ಸೈಗಾನ್ ಕಡಲ ದಂಡೆಯ ಮೇಲಿಲ್ಲ. ಹಡಗು ಕಡಲಿನಿಂದ ನದಿಗೆ ತಿರುಗಿ ಕೆಲವು ತಾಸು ಒಳಕ್ಕೆ ಸಾಗಬೇಕು. ಇಕ್ಕೆಲದಲ್ಲೂ ನೀರಿಗೆ ಬೇರಿಳಿಸಿದ ಕಾಂಡ್ಲಾ ಕಾಡು. ಅದರ ಹೆಸರು ಕಾನ್ ಜಿಯೊ. ವಿದ್ಯಾರ್ಥಿಗಳೆಲ್ಲ ಮೇಲಂತಸ್ತಿಗೆ ಬಂದು ಚಿತ್ರ ತೆಗೆಯುತ್ತಿದ್ದರಂತೆ. ಅವರ ಅಧ್ಯಾಪಕರೊಬ್ಬರು ಬಂದು, "ಈ ಕಾಡು ನಿಮ್ಮ ತಂದೆ ತಾಯಿಯರ ವಯಸ್ಸಿನದು, ಅದಕ್ಕಿಂತ ಹಳೆಯದಲ್ಲ" ಎಂದರಂತೆ. ಸಂಗತಿ ನಿಜ. 1961ರಿಂದ 1971ರವರೆಗೆ ಅಮೆರಿಕದ ಸೈನ್ಯ ವಿಮಾನಗಳಿಂದ ಆ ದೇಶದ ಕಾಡು ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಮಿಕ್ಕಿ ಎಲೆನಾಶಕ ವಿಷವನ್ನು ಸುರಿಯಿತು. ಶತ್ರುವಿಗೆ ಅಡಗಲು ಮರೆ ಇರಬಾರದು, ತಿನ್ನಲು ಬೆಳೆ ಇರಬಾರದು ಎಂಬುದು ಲೆಕ್ಕಾಚಾರ. ಹಡಗಿನ ದಾರಿಯ ಬದಿಯ ಈ ಕಾಡು ಬಹುಮಟ್ಟಿಗೆ ಸತ್ತು ಕೆಸರುಬಯಲಾಯಿತು. ಯುದ್ಧ ಮುಗಿದ ಮೇಲೆ, 1978ರಿಂದ, ಆ ಊರಿನ ಜನ ದಕ್ಷಿಣದ ತುದಿಯ ಕಾ ಮಾವ್ ಪ್ರದೇಶದಿಂದ ಮೊಳಕೆಬೀಜ ತಂದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದೊಂದಾಗಿ ಊರಿದರು. 2000ದಲ್ಲಿ ಯುನೆಸ್ಕೊ ಅದನ್ನು ಜೀವಗೋಳ ರಕ್ಷಿತ ಪ್ರದೇಶವೆಂದು ಮಾನ್ಯ ಮಾಡಿತು. "ಬೆಳೆಯಿತು ಅಜ್ಜೀ, ಆದರೆ ಕೈಯಿಂದ ನೆಟ್ಟು ಬೆಳೆಸಿದ್ದು" ಎಂದಳು ಹುಡುಗಿ. ಕಾಂಡ್ಲಾ ಬುಡದಲ್ಲಿ ಮೀನು ಮರಿಮಾಡುತ್ತದೆಂದು ಬಲ್ಲ ಆ ಅಜ್ಜಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಎರಡನೆಯ ದಿನ ವಸ್ತುಸಂಗ್ರಹಾಲಯ. 1975ರ ಏಪ್ರಿಲ್ 30ರಂದು ಅಧ್ಯಕ್ಷರ ಅರಮನೆಯ ಬಾಗಿಲನ್ನು ಟ್ಯಾಂಕುಗಳು ಮುರಿದು ಒಳನುಗ್ಗಿದವು, ಯುದ್ಧ ಮುಗಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಸಂಗ್ರಹಾಲಯ ತೆರೆಯಿತು. ಮೊದಲು ಅದರ ಹೆಸರಿನಲ್ಲೇ ಅಮೆರಿಕದ ಅಪರಾಧಗಳು ಎಂದಿತ್ತು. ಎರಡು ದೇಶಗಳ ಸಂಬಂಧ ಸರಿಹೋದ 1995ರಲ್ಲಿ ಯುದ್ಧಾವಶೇಷಗಳ ಸಂಗ್ರಹಾಲಯ ಎಂದಾಯಿತು. ಒಳಗಿನ ಚಿತ್ರಗಳು ಮಾತ್ರ ಹಾಗೆಯೇ ಇವೆ. 1968ರ ಮಾರ್ಚ್ 16ರಂದು ಮೈ ಲಾಯ್ ಎಂಬ ಹಳ್ಳಿಯಲ್ಲಿ ಗುಂಡಿಗೆ ಬಲಿಯಾದವರು, ಅಲ್ಲಿಯವರ ಲೆಕ್ಕದಲ್ಲಿ 504 ಜನ, ಮುದುಕರು, ಹೆಂಗಸರು, ಕೂಸುಗಳು. 1972ರ ಜೂನ್ 8ರಂದು ನೇಪಾಮ್ ಬೆಂಕಿಯಲ್ಲಿ ಬಟ್ಟೆ ಸುಟ್ಟು ರಸ್ತೆಯಲ್ಲಿ ಓಡಿಬರುತ್ತಿರುವ ಒಂಬತ್ತು ವರ್ಷದ ಬಾಲಕಿ. ವಿಷ ಬಿದ್ದ ನೆಲದಲ್ಲಿ ಅಂಗವಿಕಲರಾಗಿ ಹುಟ್ಟಿದ ಮಕ್ಕಳು. ಜೊತೆಗಿದ್ದ ಅಮೆರಿಕನ್ ಹುಡುಗನೊಬ್ಬ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತನಂತೆ. ಅವನ ಅಜ್ಜ ಆ ಯುದ್ಧದಲ್ಲಿ ಸೈನಿಕ. ಮನೆಯಲ್ಲಿ ಯಾರೂ ಅಜ್ಜನನ್ನು ಏನೂ ಕೇಳಿರಲಿಲ್ಲ. "ನಾನು ಊರಿಗೆ ಹೋಗಿ ಕೇಳುತ್ತೇನೆ" ಎಂದನಂತೆ. ಅವನ ಮನೆಯಲ್ಲೂ ಯಾರಾದರೂ "ಅದೆಲ್ಲ ಈಗ ಬೇಡ" ಎಂದರೋ ಏನೋ!

ಮೂರನೆಯ ದಿನ ಕು ಚಿ ಸುರಂಗಗಳು. ಹಳ್ಳಿಗರು, ಗೆರಿಲ್ಲಾಗಳು ಕೈಗುದ್ದಲಿಯಿಂದ ತೋಡಿದ ಇನ್ನೂರು ಕಿಲೋಮೀಟರಿಗೂ ಮಿಕ್ಕ ನೆಲಮಾಳಿಗೆಯ ಜಾಲವದು. ಅಡುಗೆಮನೆ, ಆಸ್ಪತ್ರೆ, ಸಭೆಯ ಕೋಣೆ ಎಲ್ಲ ಮಣ್ಣಿನೊಳಗೆ. ಈಗ ಅಲ್ಲಿ ಪ್ರವಾಸಿಗಳಿಗಾಗಿ ಗುಂಡು ಹಾರಿಸುವ ಅಂಗಳವೂ ಇದೆ. ಒಂದು ಗುಂಡಿಗೆ ಇಷ್ಟು ಎಂದು ಹಣ ತೆತ್ತರೆ ಯುದ್ಧಕಾಲದ ಬಂದೂಕನ್ನು ಕೈಗೆ ಕೊಡುತ್ತಾರೆ. ಗುಂಪಿನಲ್ಲಿ ಅರ್ಧಕ್ಕರ್ಧ ಜನ ನಗುತ್ತಾ ಹಾರಿಸಿದರಂತೆ. ಈಕೆ ಹಾರಿಸಲಿಲ್ಲ. "ದೊಡ್ಡ ತತ್ವವೇನೂ ಅಲ್ಲ. ಹಿಂದಿನ ದಿನ ಆ ಚಿತ್ರಗಳನ್ನು ನೋಡಿದ್ದೆ, ಕೈ ಬರಲಿಲ್ಲ" ಎಂದಳು.

ಈಗ ಹೇಳಿ: ಇಂಥ ಮಗುವಿನ ಹತ್ತಿರ ಬಟ್ಟೆಯ ಬೆಲೆ ಕೇಳಿದ ನಾವು ಎಂಥವರು?

ಸಭೆ ಮುಗಿದ ಮೇಲೆ ಹೊರಗೆ ನಡೆದ ಮಾತುಗಳೂ ನಮ್ಮ ಕಿವಿಗೆ ಬಿದ್ದಿವೆ. ಅವುಗಳಲ್ಲಿ ಮೂರು ಆಕ್ಷೇಪಗಳಿಗೆ ಬಲವಿದೆ. ಆದ್ದರಿಂದ ಉತ್ತರಿಸುತ್ತೇವೆ.

ಮೊದಲನೆಯದು: "ಇದು ದುಡ್ಡಿದ್ದವರ ಆಟ. ಲಕ್ಷಗಟ್ಟಲೆ ಸುರಿದು ಹಡಗು ಹತ್ತಿಸಿ ಓದು ಎಂದು ಹೆಸರಿಟ್ಟರೆ ಆಯಿತೆ?" ದುಡ್ಡಿನ ಮಾತು ಸುಳ್ಳಲ್ಲ. ಇಂಥ ಪ್ರಯಾಣ ನಮ್ಮ ನೂರು ಮನೆಗಳಲ್ಲಿ ಒಂದಕ್ಕೂ ಎಟುಕುವುದಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮಂಗಳೂರಿನ ಧಕ್ಕೆಯಲ್ಲಿ ಹಡಗು ಹತ್ತಿ ಈ ಮುಂಬಯಿಗೆ ಬಂದವರು. ಅವರದು ಓದಿನ ಯಾನವಲ್ಲ, ಹೊಟ್ಟೆಯ ಯಾನ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಾ ಮೆಟ್ರಿಕ್ ಪಾಸು ಮಾಡಿದವರ ಮಕ್ಕಳು, ಮೊಮ್ಮಕ್ಕಳು ನಾವು. ಆದರೆ ಆ ಕಾರಣಕ್ಕಾಗಿಯೇ ಅವಳ ಮಾತನ್ನು ನಾವು ಕಿವಿಗೊಟ್ಟು ಕೇಳಬೇಕಾಗಿತ್ತು. ನೂರರಲ್ಲಿ ಒಬ್ಬಳು ಹೋಗಿ ಬಂದಾಗ ಉಳಿದ ತೊಂಬತ್ತೊಂಬತ್ತು ಮನೆಗಳಿಗೆ ಆ ಲೋಕ ಸಿಗುವ ದಾರಿ ಯಾವುದು? ಅವಳ ಬಾಯಿ. ಅದನ್ನು ನಾವು ಮುಚ್ಚಿಸಿದೆವು. ಆ ಸಭೆಯಲ್ಲಿ ಎಂದೂ ಹಡಗು ಹತ್ತಲಾರದ ಮನೆಗಳ ಮಕ್ಕಳೂ ಕುಳಿತಿದ್ದರು. ನಷ್ಟವಾದದ್ದು ಅವರಿಗೆ. ದುಡ್ಡಿದ್ದವರ ಆಟವೆಂದು ದೂರುವವರೇ ಅದರ ಫಲವನ್ನು ದುಡ್ಡಿಲ್ಲದವರಿಗೆ ತಲುಪದಂತೆ ತಡೆದರೆ ಅದಕ್ಕೇನು ಹೇಳೋಣ?

ಸೈಗಾನಿನ ನದಿಯ ದಂಡೆಯಲ್ಲಿ ನ್ಯಾ ರಾಂಗ್ ಎಂಬ ಹಳೆಯ ಧಕ್ಕೆಯಿದೆ. 1911ರ ಜೂನ್ 5ರಂದು ಇಪ್ಪತ್ತೊಂದು ವರ್ಷದ ಒಬ್ಬ ಬಡ ತರುಣ ಅಲ್ಲಿಂದ ಫ್ರೆಂಚ್ ಹಡಗೊಂದರಲ್ಲಿ ಹೊರಟ. ಪ್ರಯಾಣಿಕನಾಗಿ ಅಲ್ಲ, ಅಡುಗೆಮನೆಯ ಕೆಲಸದ ಆಳಾಗಿ. ತನ್ನ ದೇಶವನ್ನು ಆಳುವವರ ದೇಶ ಹೇಗಿದೆ ಎಂದು ನೋಡುವ ಹಂಬಲ ಅವನದು. ಮೂವತ್ತು ವರ್ಷ ಲೋಕ ಸುತ್ತಿ 1941ರಲ್ಲಿ ತಾಯ್ನಾಡಿಗೆ ಮರಳಿದ. 1945ರ ಸೆಪ್ಟೆಂಬರ್ 2ರಂದು ಹನೋಯ್‌ನಲ್ಲಿ ಸ್ವಾತಂತ್ರ್ಯವನ್ನು ಸಾರಿದ. ಆತನೇ ಹೋ ಚಿ ಮಿನ್. ಹುಡುಗಿ ಆ ಧಕ್ಕೆಯ ಮೇಲೆ ನಿಂತಾಗ ಅವಳಿಗೆ ನೆನಪಾದದ್ದು ಯಾರು ಗೊತ್ತೆ? ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತನ್ನ ಮುತ್ತಜ್ಜ! ಇದನ್ನು ವೇದಿಕೆಯ ಮೇಲೆ ಹೇಳಬೇಕೆಂದು ಬರೆದುಕೊಂಡು ಬಂದಿದ್ದಳು. ಸಮಯ ಸಾಲಲಿಲ್ಲ, ಶಾಲು ಹೊದಿಸುವುದಿತ್ತು.

ಎರಡನೆಯ ಆಕ್ಷೇಪ: "ಐದು ದಿನದಲ್ಲಿ ಒಂದು ದೇಶ ಏನು ತಿಳಿಯುತ್ತದೆ?" ಏನೂ ತಿಳಿಯುವುದಿಲ್ಲ, ಒಪ್ಪಿದೆವು. ಐದು ದಿನ ಇದ್ದು ಬಂದು "ನಾನು ವಿಯೆಟ್ನಾಮನ್ನು ಬಲ್ಲೆ" ಎನ್ನುವವರು ನಗೆಗೀಡಾಗುತ್ತಾರೆ. ಬಂದರಿನಲ್ಲಿ ಇಳಿದು, ರಾತ್ರೋರಾತ್ರಿ ಹೊಲಿದುಕೊಡುವ ದರ್ಜಿಯಲ್ಲಿ ಸೂಟು ಹೊಲಿಸಿ, ಬಂದೂಕು ಹಾರಿಸಿ, ಹಡಗಿಗೆ ಮರಳಿ ನಿದ್ದೆ ಹೋಗುವ ವಿದ್ಯಾರ್ಥಿಗಳೂ ಇದ್ದಾರೆಂದು ಈಕೆಯೇ ಹೇಳಿದಳು. ಅಂಥದ್ದನ್ನು ಅಧ್ಯಯನ ಎಂದು ಕರೆಯುವುದನ್ನು ನಾವು ಖಂಡಿಸುತ್ತೇವೆ. ಅದು ಮೋಜು. ಮೋಜು ಎಂದೇ ಕರೆದರೆ ತಕರಾರಿಲ್ಲ. ಆದರೆ ಐದು ದಿನಕ್ಕೆ ಮುಂಚೆ ನಲವತ್ತು ದಿನ ಓದಿ, ಐದು ದಿನದ ಬಳಿಕ ಮತ್ತೆ ಪುಸ್ತಕ ಹುಡುಕುವವರಿಗೆ ಆ ಐದು ದಿನ ಬೀಜವಿದ್ದಂತೆ. ಗಾದೆಯಲ್ಲಿ ದೇಶ ಮತ್ತು ಕೋಶ ಜೋಡಿಯಾಗಿರುವುದು ಪ್ರಾಸಕ್ಕಾಗಿ ಮಾತ್ರವಲ್ಲ.

ಒಂದು ಉದಾಹರಣೆ. ಸಂಗ್ರಹಾಲಯ ಹೇಳುವುದು ಗೆದ್ದವರ ಕಥೆ ಎಂದು ಅವಳಿಗೆ ಹೊಳೆದದ್ದು ಹಡಗಿಗೆ ಮರಳಿ ಓದಿದ ಮೇಲೆ. 1975ರ ಬಳಿಕ ಸೋತ ಪಕ್ಷದವರನ್ನು ಹೊಸ ಸರ್ಕಾರ ಪುನಶ್ಶಿಕ್ಷಣದ ಹೆಸರಿನಲ್ಲಿ ಶಿಬಿರಗಳಿಗೆ ತಳ್ಳಿತು. ಲಕ್ಷಾಂತರ ಜನ ಸಣ್ಣಪುಟ್ಟ ದೋಣಿಗಳಲ್ಲಿ ಕಡಲಿಗಿಳಿದರು. 1995ರೊಳಗೆ ಸುಮಾರು 8 ಲಕ್ಷ ಮಂದಿ ಹೇಗೋ ಬೇರೆ ನಾಡುಗಳ ದಡ ಮುಟ್ಟಿದರು; ಮುಟ್ಟದೆ ಮುಳುಗಿದವರ ಲೆಕ್ಕ ಇಟ್ಟವರಿಲ್ಲ. ಅವಳ ಕಾಲೇಜಿನ ಸಹಪಾಠಿಯೊಬ್ಬಳ ತಾಯಿ ಅಂಥ ದೋಣಿಯಲ್ಲಿ ಬಂದವರು. "ನನ್ನ ಹಡಗು ಒಳಗೆ ಹೋದ ಕಡಲಿನಲ್ಲೇ ಅವರ ದೋಣಿ ಹೊರಗೆ ಬಂದದ್ದು" ಎಂದಳು. ಯುದ್ಧದಲ್ಲಿ ತಮ್ಮ 20 ಲಕ್ಷ ನಾಗರಿಕರು ಸತ್ತರೆಂದು ವಿಯೆಟ್ನಾಮ್ ಸರ್ಕಾರ 1995ರಲ್ಲಿ ಪ್ರಕಟಿಸಿತು. ಅಮೆರಿಕ ಕಳೆದುಕೊಂಡ ಸೈನಿಕರು 58 ಸಾವಿರಕ್ಕೂ ಹೆಚ್ಚು. ಈ ಎರಡು ಸಂಖ್ಯೆಗಳನ್ನೂ, ಆ ದೋಣಿಯ ತಾಯಿಯನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಇಪ್ಪತ್ತರ ಹುಡುಗಿ ಕಲಿತು ಬಂದಿದ್ದಾಳೆ. ಅರವತ್ತು ದಾಟಿದ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಬರುತ್ತದೆ?

ಐದು ದಿನದ ಮಾತೆತ್ತಿದವರು ಸ್ವಲ್ಪ ತಮ್ಮ ಲೆಕ್ಕವನ್ನೂ ತೆಗೆಯಲಿ. ಮೇ ತಿಂಗಳಲ್ಲಿ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗುತ್ತೇವೆ. ಒಂದು ಮದುವೆ, ಒಂದು ದೇವಸ್ಥಾನ, ಒಂದು ದಿನ ಅಜ್ಜಿಮನೆ, ಎರಡು ಡಬ್ಬಿ ಹಪ್ಪಳ. ಆರನೆಯ ದಿನ ಹಿಂದಿನ ರೈಲು. ನಮ್ಮ ಮಕ್ಕಳಿಗೆ ಕರ್ನಾಟಕವೇ ಒಂದು ಬಂದರು. ಇನ್ನು ಮೂರು ತಲೆಮಾರು ಕಳೆದ ಈ ಮುಂಬಯಿ? 1944ರ ಏಪ್ರಿಲ್ 14ರಂದು ಇಲ್ಲಿಯ ವಿಕ್ಟೋರಿಯಾ ಗೋದಿಯಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸ್ಫೋಟಿಸಿ ನೂರಾರು ಜನ ಸತ್ತರು. ದೇಶವೆಲ್ಲ ಆ ದಿನವನ್ನು ಅಗ್ನಿಶಾಮಕ ದಿನವಾಗಿ ಆಚರಿಸುತ್ತದೆ. ನಮ್ಮ ಎಷ್ಟು ಮಕ್ಕಳಿಗೆ ಇದು ಗೊತ್ತು? ಹುತಾತ್ಮಾ ಚೌಕದ ಮುಂದೆ ದಿನವೂ ಬಸ್ಸು ಇಳಿಯುವವರಲ್ಲಿ ಆ ಹುತಾತ್ಮರು ಯಾರೆಂದು ಒಬ್ಬ ಮರಾಠಿ ನೆರೆಯವರನ್ನು ಕೇಳಿದವರೆಷ್ಟು? ಐವತ್ತು ವರ್ಷ ಒಂದೇ ಬಂದರಿನಲ್ಲಿ ಲಂಗರು ಹಾಕಿಯೂ ದಡಕ್ಕೆ ಇಳಿಯದವರು ನಾವು, ಐದು ದಿನದಲ್ಲಿ ಇಳಿದು ನೋಡಿದವಳನ್ನು ಆಡಿಕೊಳ್ಳುತ್ತಿದ್ದೇವೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬಂದದ್ದು: "ಯಾರದೋ ದೇಶ, ಯಾರದೋ ಯುದ್ಧ. ನಮಗೇಕೆ?"

ನಮಗೇಕೆಂದರೆ, ಮೊದಲನೆಯದಾಗಿ, ನಾವು ಅಲ್ಲಿದ್ದೆವು. 1954ರಲ್ಲಿ ಜಿನೀವಾ ಒಪ್ಪಂದವಾಗಿ ವಿಯೆಟ್ನಾಮ್ ಎರಡು ಹೋಳಾದಾಗ ಆ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ಅಂತಾರಾಷ್ಟ್ರೀಯ ಆಯೋಗವೊಂದು ನೇಮಕವಾಯಿತು. ಕೆನಡಾ, ಪೋಲೆಂಡ್ ಸದಸ್ಯರು, ಅಧ್ಯಕ್ಷತೆ ಭಾರತದ್ದು. ಸುಮಾರು ಎರಡು ದಶಕ, 1973ರವರೆಗೆ, ನಮ್ಮ ಸೈನಿಕರು, ಅಧಿಕಾರಿಗಳು, ಗುಮಾಸ್ತರು ಹನೋಯ್, ಸೈಗಾನ್‌ಗಳಲ್ಲಿ ಕೆಲಸ ಮಾಡಿದರು. 1965ರ ಅಕ್ಟೋಬರಿನಲ್ಲಿ ವಿಯೆಂಟಿಯಾನ್‌ನಿಂದ ಹನೋಯ್‌ಗೆ ಹೊರಟ ಆಯೋಗದ ವಿಮಾನ ನಡುದಾರಿಯಲ್ಲಿ ಕಣ್ಮರೆಯಾಯಿತು. ಅದರಲ್ಲಿದ್ದ ಭಾರತೀಯರು ಮನೆಗೆ ಮರಳಲಿಲ್ಲ. ನೆಹರೂ 1954ರಲ್ಲಿ ಹನೋಯ್‌ಗೆ ಹೋಗಿದ್ದರು, ಹೋ ಚಿ ಮಿನ್ 1958ರಲ್ಲಿ ಭಾರತಕ್ಕೆ ಬಂದಿದ್ದರು. ಆಯೋಗಕ್ಕೆ ಯುದ್ಧವನ್ನು ತಡೆಯಲು ಆಗಲಿಲ್ಲವೆಂಬುದು ಬೇರೆ ಮಾತು. ಆದರೆ ಯಾರದೋ ಯುದ್ಧ ಎನ್ನುವ ಹಕ್ಕು ನಮಗಿಲ್ಲ.

ಎರಡನೆಯದಾಗಿ, ನಮ್ಮ ಜೇಬಿಗೂ ಆ ದೇಶಕ್ಕೂ ನಂಟಿದೆ. ಕಾಫಿ ಬೆಳೆಯಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಮ್. ರೊಬಸ್ಟಾದಲ್ಲಂತೂ ಅದೇ ಮೊದಲು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ಈ ಶತಮಾನದ ಆರಂಭದಲ್ಲಿ ಅವರ ಬೆಳೆ ಜಗತ್ತಿನ ಮಾರುಕಟ್ಟೆಗೆ ಪ್ರವಾಹವಾಗಿ ಹರಿದಾಗ ಬೆಲೆ ನೆಲ ಕಚ್ಚಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರು ಕಣ್ಣೀರಿಟ್ಟರು. ಕರಿಮೆಣಸಿನಲ್ಲೂ ಜಗತ್ತಿಗೆ ಅವರೇ ಮುಂದು. ಅಗ್ಗದ ಮೆಣಸು ಶ್ರೀಲಂಕಾದ ದಾರಿಯಾಗಿ ಒಳಬರುತ್ತಿದೆಯೆಂದು ಮಲೆನಾಡಿನ ಬೆಳೆಗಾರರು ಬೊಬ್ಬೆಯಿಟ್ಟ ಮೇಲೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಎಂದು ಕನಿಷ್ಠ ಆಮದು ಬೆಲೆ ಗೊತ್ತುಮಾಡಬೇಕಾಯಿತು. ಆ ಸಭೆಯಲ್ಲಿ ಊರಲ್ಲಿ ತೋಟವಿದ್ದವರು ಹತ್ತಾರು ಜನ ಕುಳಿತಿದ್ದರು. ಬಟ್ಟೆಯ ಬೆಲೆ ಕೇಳಿದವರಿಗೆ ಮೆಣಸಿನ ಬೆಲೆ ಕೇಳಲು ತೋಚಲಿಲ್ಲ! ಬಾಂಬು ಬಿದ್ದು, ವಿಷ ಬಿದ್ದು ಹಾಳಾದ ದೇಶ, 1980ರ ದಶಕದಲ್ಲಿ ಅಕ್ಕಿಗೂ ಹೊರಗಿನವರ ಮುಖ ನೋಡುತ್ತಿದ್ದ ದೇಶ, 1989ರಿಂದ ಅಕ್ಕಿಯನ್ನು ಹೊರದೇಶಗಳಿಗೆ ಮಾರುತ್ತಿದೆ. ಹೇಗೆ ಎದ್ದು ನಿಂತಿತು ಎಂಬುದು ನಮ್ಮ ರೈತಮಕ್ಕಳು ಕೇಳಬೇಕಾದ ಪ್ರಶ್ನೆಯಲ್ಲವೆ?

ಮೂರನೆಯದಾಗಿ, ಆ ಚಪ್ಪಾಳೆ. ಮಾರಿಯಮ್ಮನ ಗುಡಿ ಕಂಡೊಡನೆ ಯಾರದೋ ದೇಶ ನಮ್ಮದಾಗಿಬಿಟ್ಟಿತು. ಆ ಗುಡಿಯನ್ನು ಕಟ್ಟಿದವರು ತಮಿಳರು. ಫ್ರೆಂಚರ ಕಾಲದಲ್ಲಿ ಪುದುಚೇರಿ, ಕಾರೈಕಾಲಿನಿಂದ ಹೋದವರು, ಲೇವಾದೇವಿಯ ಚೆಟ್ಟಿಯಾರರು ಅಲ್ಲಿದ್ದರು. ಈಗ ಅಲ್ಲಿ ಊದುಬತ್ತಿ ಹಚ್ಚುವವರಲ್ಲಿ ಹೆಚ್ಚಿನವರು ಆ ಊರಿನವರೇ. ಇನ್ನು ಮಧ್ಯ ವಿಯೆಟ್ನಾಮಿನ ಚಂಪಾ ರಾಜ್ಯದ ಮಾತೆತ್ತಿದರಂತೂ ನಮ್ಮ ಎದೆ ಉಬ್ಬುತ್ತದೆ. ಮೀ ಸನ್‌ನ ಶಿವಾಲಯಗಳು, ಸಂಸ್ಕೃತ ಶಾಸನಗಳು, 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಅಗೆಯುವಾಗ ಸಿಕ್ಕ ಒಂಬತ್ತನೆಯ ಶತಮಾನದ ಶಿವಲಿಂಗ, ಇವೆಲ್ಲ ಹೆಮ್ಮೆಯ ವಿಷಯಗಳೇ. ಆದರೆ ಆ ಮೀ ಸನ್ ದೇಗುಲಗಳಲ್ಲಿ ದೊಡ್ಡದೆನಿಸಿದ ಗೋಪುರ ಉರುಳಿದ್ದು 1969ರಲ್ಲಿ, ಅಮೆರಿಕದ ಬಾಂಬಿಗೆ. ಗುಡಿ ನಮ್ಮದು, ಬಾಂಬು ಯಾರದೋ ಎಂದು ಹೇಗೆ ಬೇರ್ಪಡಿಸುವುದು? ಸಾವಿರ ವರ್ಷದ ಹಿಂದಿನ ನಂಟಿಗೆ ಚಪ್ಪಾಳೆ ತಟ್ಟಿ, ಐವತ್ತು ವರ್ಷದ ಹಿಂದಿನ ನೋವಿಗೆ "ಅದೆಲ್ಲ ಬೇಡ" ಎನ್ನುವುದು ಸಂಸ್ಕೃತಿ ಪ್ರೇಮವಲ್ಲ. ನಮ್ಮ ಮುಖವೇ ಕಾಣುವ ಕನ್ನಡಿಯನ್ನು ಮಾತ್ರ ನೋಡುವ ಚಾಳಿ ಅದು.

"ಚಿಕ್ಕ ಮಕ್ಕಳು ಕೂತಿದ್ದಾರೆ" ಎಂದ ಹಿರಿಯರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆರು ವರ್ಷದ ಕೂಸಿಗೆ ಆ ಚಿತ್ರಗಳು ಬೇಡ, ನಿಜ. ಆದರೆ ಹುಡುಗಿ ಆ ಎಚ್ಚರ ಇಟ್ಟುಕೊಂಡೇ ಬಂದಿದ್ದಳು. ಅತಿ ಭೀಕರವಾದವುಗಳನ್ನು ಮನೆಯಲ್ಲೇ ತೆಗೆದುಹಾಕಿದ್ದಳು. ಕೇಳಿದ್ದರೆ ಹೇಳುತ್ತಿದ್ದಳು. ಐದು ನಿಮಿಷ ಪುಟ್ಟ ಮಕ್ಕಳನ್ನು ಹೊರಗೆ ಕರೆದೊಯ್ದು ಪೆಪ್ಪರಮಿಂಟು ಕೊಡುವುದು ದೊಡ್ಡ ಕೆಲಸವೇನಲ್ಲ. ಅದೇ ಮಕ್ಕಳು ಮನೆಯಲ್ಲಿ ದೂರವಾಣಿಯ ತೆರೆಯ ಮೇಲೆ ದಿನವೂ ನೋಡುವ ಗುಂಡಿನ ಕಾಳಗಗಳಿಗೆ ನಾವು ಕೈಯೆತ್ತಿ ಬೇಡ ಎಂದದ್ದುಂಟೆ? ಹೊಡೆಯುವ ಆಟ ನಡೆಯುತ್ತದೆ; ಹೊಡೆಸಿಕೊಂಡವರ ಚಿತ್ರ ನಡೆಯುವುದಿಲ್ಲ. ಕು ಚಿಯ ಗುಂಡಿನ ಅಂಗಳದಲ್ಲಿ ನಗುತ್ತಾ ಬಂದೂಕು ಎತ್ತಿದ ಆ ವಿದ್ಯಾರ್ಥಿಗಳು ಬೆಳೆದದ್ದು ಎಂಥ ಮನೆಗಳಲ್ಲಿ ಎಂದು ನಮಗೆ ಈಗ ಆಶ್ಚರ್ಯವಾಗುವುದಿಲ್ಲ.

ಬರೀ ಬೈದು ಮುಗಿಸಿದರೆ ಈ ಬರಹವೂ ಒಂದು ಹಾರ ತುರಾಯಿಯೇ ಆದೀತು. ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಬೇಡಿಕೆ ಇಡುತ್ತೇವೆ.

ಒಂದು: ಆ ಹುಡುಗಿ ರಜೆ ಮುಗಿಸಿ ಹೊರಡುವುದರೊಳಗೆ ಅವಳಿಗೆ ಇನ್ನೊಂದು ಸಂಜೆ ಕೊಡಬೇಕು. ಪೂರ್ತಿ ಎರಡು ತಾಸು. ಹಾರವಿಲ್ಲ, ಶಾಲಿಲ್ಲ, ಪರಿಚಯ ಭಾಷಣವಿಲ್ಲ. ಹೈಸ್ಕೂಲು ದಾಟಿದ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು, ಹಿರಿಯರು ಹಿಂದೆ ಕೂರಬೇಕು. ಮೊದಲ ಐದು ಪ್ರಶ್ನೆ ಮಕ್ಕಳದ್ದೇ ಆಗಬೇಕು.

ಎರಡು: ಇನ್ನು ಮುಂದೆ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋಗಿ ಬಂದವರಿಗೆ ಸನ್ಮಾನ ಬೇಡ, ಲೇಖನ ಕೇಳೋಣ. ಈ ಪತ್ರಿಕೆಯ ನಾಲ್ಕು ಪುಟ ಅದಕ್ಕೆ ಮೀಸಲು. ಕನ್ನಡ ತಪ್ಪಾಗಿದ್ದರೆ ನಾವು ತಿದ್ದಿಕೊಳ್ಳುತ್ತೇವೆ. ವಿಷಯ ಇರಬೇಕು ಅಷ್ಟೆ. ಏನು ತಿಂದೆ, ಎಷ್ಟಕ್ಕೆ ಕೊಂಡೆ ಎಂಬುದು ಬಂದರೆ ವಾಪಸು ಕಳಿಸುತ್ತೇವೆ.

ಮೂರು: ಹಡಗು ಹತ್ತಲಾರದ ನಮ್ಮ ಮಕ್ಕಳಿಗೆ ಈ ಊರಿನ ಬಂದರನ್ನಾದರೂ ತೋರಿಸೋಣ. ಭಾವುಚಾ ಧಕ್ಕಾದಿಂದ ಶುರುಮಾಡೋಣ. ಒಂದು ಭಾನುವಾರ, ಮೂವತ್ತು ಮಕ್ಕಳು, ಹಿಂದಿನ ವಾರ ಒಂದು ತಾಸು ಓದು, ಮುಂದಿನ ವಾರ ಒಂದು ಪುಟ ಬರಹ. ಇದಕ್ಕೆ ಲಕ್ಷ ಬೇಕಿಲ್ಲ, ಬಸ್ ಚಾರ್ಜು ಸಾಕು. ಹೊಣೆ ಹೊರಲು ನಾವು ಸಿದ್ಧರಿದ್ದೇವೆ. ಜೊತೆಗೆ ಬರುವವರು ಸಂಘದ ಕಚೇರಿಯಲ್ಲಿ ಹೆಸರು ಕೊಡಲಿ.

ಒಂದು ಮಾತು ಉಳಿಯಿತು. ಸಭೆಯ ಮರುದಿನ ನಾವು ಹುಡುಗಿಗೆ ದೂರವಾಣಿ ಮಾಡಿ ಕ್ಷಮೆ ಕೇಳಿದೆವು. "ಇರಲಿ ಬಿಡಿ ಅಂಕಲ್, ಆ ಅಜ್ಜಿ ಕೇಳಿದರಲ್ಲ" ಎಂದಳು. ಅಷ್ಟರಲ್ಲೇ ಅವಳಿಗೆ ತೃಪ್ತಿ. ಇಡೀ ಸಭಾಂಗಣದಲ್ಲಿ ಒಬ್ಬರು ಅಜ್ಜಿಯ ಪ್ರಶ್ನೆಗೆ ತೃಪ್ತಿಪಡಬೇಕಾದ ಸ್ಥಿತಿಗೆ ನಮ್ಮ ಮಕ್ಕಳನ್ನು ತಂದವರು ನಾವು. ಅವರು ಹೀಗೆ ಎರಡು ಸಲ ತೃಪ್ತಿಪಟ್ಟಾರು. ಮೂರನೆಯ ಸಲ ಸಂಘದ ಮೆಟ್ಟಿಲು ಹತ್ತಲಾರರು. ಆಮೇಲೆ "ಯುವಕರು ಸಂಘಕ್ಕೆ ಬರುವುದಿಲ್ಲ" ಎಂದು ನಾವೇ ಇದೇ ಪತ್ರಿಕೆಯಲ್ಲಿ ಬರೆಯುತ್ತೇವೆ.